ಸೀಟಿನ ಕೆಳಗಿನ ನಾಲ್ಕು ಗೀಟು

ಆ ಪತ್ರವನ್ನು ನಾನು ನನ್ನ ಕಾನ್ವೆಂಟ್ ಅಕ್ಷರದಲ್ಲಿಯೇ ಬರೆದಿದ್ದೆ. ಎಡಗಡೆ ಎರಡು ಬೆರಳು ಮಾರ್ಜಿನ್, ಸಾಲುಗಳು ನೆಟ್ಟಗೆ, ಕೊನೆಗೆ ‘ಯುವರ್ಸ್ ಫೇತ್‌ಫುಲಿ’, ಅದರ ಮುಂದೊಂದು ಕಾಮಾ. ಗೋಕಾಕದ ಅಂಚಿನಲ್ಲಿರುವ ಸಣ್ಣದೊಂದು ಹೆಣ್ಣುಮಕ್ಕಳ ಶಾಲೆಯಲ್ಲಿ, ರಿಟೈರ್ ಆಗಿ ಹತ್ತು ವರ್ಷವಾದರೂ, ದಿನಕ್ಕೆ ಎರಡು ಪೀರಿಯಡ್ ಇಂಗ್ಲಿಷ್ ಕಲಿಸುತ್ತೇನೆ. ಮನೆಯಿಂದ ಶಾಲೆಗೆ ಮೂರು ಕಿಲೋಮೀಟರ್. ಹೋಗುವುದು, ಬರುವುದು ಸೈಕಲ್ ಮೇಲೆ. ಹೋದ ವರ್ಷದಿಂದ ಬಲ ಮೊಣಕಾಲಿನ ಚಿಪ್ಪಿನ ಕೆಳಗೆ ಯಾರೋ ಸೂಜಿ ಆಡಿಸಿದ ಹಾಗೆ ನೋವು ಶುರುವಾಗಿತ್ತು. ಹೆಡ್‌ಮಿಸ್ಟ್ರೆಸ್‌ಗೆ ಬರೆದ ಆ ಪತ್ರದಲ್ಲಿ ಇದ್ದುದು ಇಷ್ಟೇ: ಸೈಕಲ್ ತುಳಿಯಲು ಆಗುತ್ತಿಲ್ಲ, ಆದ್ದರಿಂದ ಇನ್ನು ಬರಲಾರೆ, ಕ್ಷಮೆ ಇರಲಿ.

ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೆ. ಬೇಸಿಗೆ ರಜೆ ಮುಗಿಯುವುದರೊಳಗೆ ಒಂದು ಒಳ್ಳೆಯ ಸೈಕಲ್ ಅಂಗಡಿ ಸಿಕ್ಕಿ ಗಾಡಿ ಹಗುರವಾಗಿ ಓಡುವಂತಾದರೆ ಪತ್ರ ಹರಿಯುವುದು, ಇಲ್ಲವಾದರೆ ಶಾಲೆ ತೆರೆದ ದಿನ ಕೊಟ್ಟುಬಿಡುವುದು. ನನ್ನ ಜೊತೆ ನಾನೇ ಮಾಡಿಕೊಂಡ ಅಗ್ರಿಮೆಂಟ್. ಪತ್ರ ನನ್ನ ವ್ಯಾನಿಟಿ ಬ್ಯಾಗಿನಲ್ಲಿ, ಕನ್ನಡಕದ ಡಬ್ಬಿಯ ಕೆಳಗೆ ಮಡಿಸಿಕೊಂಡು ಬಿದ್ದಿತ್ತು.

ಆಟೋದಲ್ಲಿ ಹೋಗಬಹುದಲ್ಲ ಎಂದು ಎಲ್ಲರೂ ಕೇಳುತ್ತಾರೆ. ಹೋಗಬಹುದು. ಎರಡು ಸಲ ಹೋದೆ ಕೂಡ. ಆಟೋದಲ್ಲಿ ನಾನು ಯಾರೋ ಒಯ್ದು ಇಳಿಸುವ ಪಾರ್ಸೆಲ್. ಸೈಕಲ್ ಮೇಲೆ ಹೊರಟರೆ ನಾನು ಹೊರಟಿದ್ದೇನೆ. ಶಾಲೆಯ ಮುಂದಿನ ಏರಿನಲ್ಲಿ ಇಳಿದು ತಳ್ಳುವಾಗ ಹುಡುಗಿಯರು ನನ್ನ ಎರಡೂ ಬಾಜೂ ನಡೆಯುತ್ತಾರೆ, ಕ್ಲಾಸಿನಲ್ಲಿ ಬಾಯಿ ಬಿಡದವರು ಅಲ್ಲಿ ಮಾತಾಡುತ್ತಾರೆ. ಅವರ ಇಂಗ್ಲಿಷ್ ಬೆಳೆದದ್ದು ಬ್ಲ್ಯಾಕ್‌ಬೋರ್ಡಿನ ಮುಂದಲ್ಲ, ಆ ಏರಿನಲ್ಲಿ. ಇದನ್ನೆಲ್ಲ ಪತ್ರದಲ್ಲಿ ಬರೆಯಲು ಬರುವುದಿಲ್ಲ.

ನಾನು ಸೈಕಲ್ ಕಲಿತದ್ದು ಹನ್ನೊಂದನೆಯ ವಯಸ್ಸಿನಲ್ಲಿ, ಬೆಳಗಾವಿಯ ಕಾನ್ವೆಂಟಿನ ಅಂಗಳದಲ್ಲಿ. ಮೂವತ್ತು ಹುಡುಗಿಯರಿಗೆ ಒಂದೇ ಸೈಕಲ್, ಶನಿವಾರ ಮಾತ್ರ. ಒಬ್ಬರು ಸಿಸ್ಟರ್ ಬಾಯಲ್ಲಿ ಸೀಟಿ ಹಿಡಿದು ಮಧ್ಯದಲ್ಲಿ ನಿಲ್ಲುತ್ತಿದ್ದರು. ‘ಬ್ಯಾಕ್ ಸ್ಟ್ರೇಟ್, ಗರ್ಲ್ಸ್. ಎಲ್ಬೋಸ್ ಇನ್.’ ಅವರೇ ನಮಗೆ ಮ್ಯಾನರ್ಸ್ ಕೂಡ ಕಲಿಸುತ್ತಿದ್ದರು. ಕೈಂಡ್‌ನೆಸ್ ತೋರಿಸುವವರನ್ನು ತಿದ್ದಬಾರದು, ಥ್ಯಾಂಕ್ಯೂ ಎಂದು ಸ್ವೀಕರಿಸಬೇಕು, ಎನ್ನುವುದು ಅವರ ಒಂದು ಪಾಠ. ಸೈಕಲ್ಲಿನ ಪಾಠಕ್ಕಿಂತ ಇದು ನನ್ನೊಳಗೆ ಆಳವಾಗಿ ಇಳಿದಿತ್ತು. ಎಷ್ಟು ಆಳವೆಂದು ತಿಳಿಯಲು ನಾನು ಮುದುಕಿಯಾಗಬೇಕಾಯಿತು.

ಗೋಕಾಕದಲ್ಲಿ ನನ್ನ ಗಾಡಿಯನ್ನು ಇಪ್ಪತ್ತು ವರ್ಷ ನೋಡಿಕೊಂಡ ಹಳೆಯ ಮಿಸ್ತ್ರಿ ಅಂಗಡಿ ಮುಚ್ಚಿದರು. ಅಲ್ಲಿ ಈಗ ಮೊಬೈಲ್ ಕವರ್ ತೂಗುಬಿದ್ದಿವೆ. ಉಳಿದಿರುವುದು ಮಾರ್ಕೆಟ್ ಮೂಲೆಯ ಒಂದು ಅಂಗಡಿ. ಅದರ ಮಾಲೀಕರು ಐವತ್ತರ ಆಚೀಚಿನವರು, ಹೆಚ್ಚಾಗಿ ಮೋಟರ್‌ಸೈಕಲ್ ನೋಡುತ್ತಾರೆ, ಆದರೆ ನನ್ನನ್ನು ಕಂಡರೆ ಎದ್ದು ಸ್ಟೂಲ್ ಒರೆಸುತ್ತಾರೆ. ಎರಡು ವರ್ಷದ ಹಿಂದೆ ಮೊದಲ ಸಲ ಹೋದಾಗ ಚೇನಿಗೆ ಎಣ್ಣೆ ಬಿಟ್ಟು, ಬ್ರೇಕ್ ಬಿಗಿ ಮಾಡಿ, ನಾನು ಕೇಳದೆಯೇ ಸೀಟನ್ನೂ ಒಂದು ಬೆರಳಿನಷ್ಟು ಇಳಿಸಿದರು.

“ಒಂದ ಬಟ್ಟ ಇಳಿಸೇನ್ರಿ ಟೀಚರ್. ವಯಸ್ಸಾದವರಿಗೆ ಕಾಲ ನೆಲಕ್ಕ ಹತ್ತಬೇಕ ನೋಡ್ರಿ.”

“ಥ್ಯಾಂಕ್ಯೂ,” ಎಂದೆ ನಾನು.

ಈ ರಜೆಯಲ್ಲಿ ಗಾಡಿ ಭಾರವಾಗಿ ಎಳೆಯುತ್ತಿದೆ, ಮೊಣಕಾಲು ನೋಯುತ್ತಿದೆ ಎಂದು ಮತ್ತೆ ಅವರ ಬಳಿಗೇ ಹೋದಾಗ ಅವರು ಗಾಡಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

“ಬ್ಯಾಟರಿ ಗಾಡಿ ತೊಗೋರಿ ಟೀಚರ್. ಕಿವಿ ತಿರುವಿದ್ರ ಆತು, ತಾನ ಹೋಗ್ತೈತಿ.”

“ನನಗ ನಾನ ಹೋಗಬೇಕಾಗೈತ್ರಿ.”

“ನಮ್ಮವ್ವನೂ ಹಿಂಗ ಅಂತಾಳ. ನಡದ ಬಿದ್ದು ಈಗ ಹಾಸಿಗ್ಯಾಗ ಅದಾಳ.”

ಮತ್ತೆ ಥ್ಯಾಂಕ್ಯೂ ಹೇಳಿ ಬಂದೆ.

ಮುಂದೆ ಮೂಡಲಗಿ. ಅಲ್ಲಿ ಗಾಜಿನ ಬಾಗಿಲಿನ ದೊಡ್ಡ ಸೈಕಲ್ ಅಂಗಡಿ ಇದೆ, ಗೇರ್ ಸೈಕಲ್ ಎಲ್ಲ ಸಿಗುತ್ತದೆ ಎಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳಿದ್ದೆ. ತರಕಾರಿ ಇಳಿಸಿ ಖಾಲಿ ಹೋಗುತ್ತಿದ್ದ ಟೆಂಪೋದಲ್ಲಿ ಗಾಡಿ ಹಾಕಿಸಿಕೊಂಡು ಹೋದೆ. ಅದು ಮೂರು ತಲೆಮಾರಿನಿಂದ ವ್ಯಾಪಾರ ಮಾಡುತ್ತಿರುವ ಜೈನ ಮನೆತನದ ಅಂಗಡಿ. ತಮ್ಮತಮ್ಮಲ್ಲಿ ಮರಾಠಿ, ನನ್ನ ಜೊತೆ ಕನ್ನಡ. ಫ್ಯಾನಿನ ಕೆಳಗೆ ಕುರ್ಚಿ ಹಾಕಿದರು, ಚಹಾ ತರಿಸಿದರು. ಮಾಲೀಕರು ನನ್ನ ಹಳೆಯ ಗಾಡಿಯ ಬದಲು ಹೊಸದನ್ನು ಕೊಳ್ಳಿರಿ ಎನ್ನಲಿಲ್ಲ, ಅಷ್ಟು ಸಜ್ಜನರು.

“ಆಯಿ, ನಿಮಗ ಬೇಕಾಗಿದ್ದು ಆರಾಮ,” ಎಂದರು. ಗಟ್ಟಿ ಸೀಟು ತೆಗೆಸಿ, ಸ್ಪಂಜಿನ ಅಗಲವಾದ ಸೀಟು ಹಾಕಿಸಿ, ನನ್ನ ಎರಡೂ ಪಾದ ಸಪಾಟಾಗಿ ನೆಲಕ್ಕೆ ಊರುವ ತನಕ ಇಳಿಸಿದರು. “ಈಗ ನೋಡ್ರಿ, ಮನ್ಯಾಗ ಕುರ್ಚಿ ಮ್ಯಾಲೆ ಕುಂತಂಗ.”

ಖರೆ, ಕುರ್ಚಿಯ ಮೇಲೆ ಕೂತ ಹಾಗೆಯೇ ಇತ್ತು. ಕುರ್ಚಿಯ ಮೇಲೆ ಕೂತು ಮೂರು ಕಿಲೋಮೀಟರ್ ಹೋಗುವುದು ಹೇಗೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಮರುದಿನ ತುಳಿದು ನೋಡಿದರೆ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುವಷ್ಟು ಮೇಲೆ ಬರುತ್ತಿತ್ತು, ಅರ್ಧ ದಾರಿಗೆ ನೋವು ಕಣ್ಣಲ್ಲಿ ನೀರು ತರಿಸಿತು. ಇಳಿದು, ಒಂದು ಕಟ್ಟೆಯ ಮೇಲೆ ಕೂತು, ಬ್ಯಾಗಿನಿಂದ ಪತ್ರ ತೆಗೆದು ತಾರೀಖಿನ ಜಾಗ ನೋಡಿದೆ. ಪೆನ್ನೂ ಕೈಗೆ ಬಂತು. ಆದರೆ ರಜೆ ಇನ್ನೂ ಹತ್ತು ದಿನ ಉಳಿದಿತ್ತು, ಅಗ್ರಿಮೆಂಟ್ ಎಂದರೆ ಅಗ್ರಿಮೆಂಟ್.

ಮನೆಯಲ್ಲಿ ನನ್ನ ಜೊತೆ ನನ್ನ ನಾದಿನಿ ಇದ್ದಾಳೆ, ನನ್ನ ಗಂಡನ ತಂಗಿ. ಇಬ್ಬರೂ ಗಂಡಂದಿರನ್ನು ಕಳಕೊಂಡ ಮೇಲೆ ಒಂದೇ ಒಲೆ ಸಾಕೆಂದು ಕೂಡಿಕೊಂಡೆವು. ಅವಳು ಓದಿದ್ದು ನಾಲ್ಕನೆಯ ಇಯತ್ತೆ. ಯಾರಿಗೂ ಥ್ಯಾಂಕ್ಯೂ ಹೇಳಿದವಳಲ್ಲ, ಯಾರ ಮುಂದೆಯೂ ಮಾತು ನುಂಗಿದವಳಲ್ಲ. ಆ ದಿನ ನಾನು ಗಾಡಿ ತಳ್ಳಿಕೊಂಡು ಬಂದದ್ದನ್ನು ನೋಡಿ ಅಂಗಳದಲ್ಲೇ ನಿಂತಳು.

“ಸಾಕ ಬಿಡ್ರಿ ವೈನಿ. ಎಷ್ಟಂತ ತುಳೀತೀರಿ.”

“ಗಾಡಿ ಸರಿ ಇಲ್ಲ ನೋಡು. ಒಳ್ಳೆ ಅಂಗಡಿ ಸಿಕ್ಕರ—”

“ಗಾಜಿನ ಬಾಗಲಾ ಹುಡುಕ್ಕೋತ ಹೋದ್ರ ಹ್ಯಾಂಗ ಸಿಗತೈತಿ? ಯಾರ ಹೊಟ್ಟಿ ಸೈಕಲ್ ಮ್ಯಾಲೆ ನಡೀತೈತಿ, ಅವರು ಎಲ್ಲಿ ಹೋಗ್ತಾರ ನೋಡಬೇಕ. ನಮ್ಮ ಹುಕ್ಕೇರ್ಯಾಗ ಹಾಲಿನವರೆಲ್ಲಾ ಒಬ್ಬಾಂವನ ಹತ್ರ ಹೋಗ್ತಾರ. ಬೋರ್ಡ್ ಸೈತ ಇಲ್ಲ ಅವಗ.” ಇಷ್ಟು ಹೇಳಿ, ಹೇಳಬಾರದಿತ್ತೇನೋ ಎಂಬಂತೆ ಒಳಗೆ ಹೊರಟಳು. ನಾನು ಬಿಡಲಿಲ್ಲ. ಹುಕ್ಕೇರಿ ಅವಳ ಗಂಡನ ಮನೆಯ ಊರು, ಸಂತೆಗೆ ಅವಳು ಹೇಗೂ ಹೋಗುವವಳು. ಆ ವಾರ ಅದೇ ಟೆಂಪೋದಲ್ಲಿ ನಾವಿಬ್ಬರೂ ಡ್ರೈವರನ ಬಾಜೂ ಕೂತೆವು, ಹಿಂದೆ ಬದನೆಕಾಯಿಯ ಚೀಲಗಳ ಮೇಲೆ ನನ್ನ ಸೈಕಲ್ ಮಲಗಿತ್ತು.

ಅಂಗಡಿ ಸಂತೆಯ ಹಿಂದೆ, ಒಂದು ತಗಡಿನ ಕೆಳಗೆ. ಬೋರ್ಡು ನಿಜಕ್ಕೂ ಇರಲಿಲ್ಲ. ಗೋಡೆಗೆ ಸಾಲಾಗಿ ಹಾಲಿನ ಕ್ಯಾನುಗಳು. ರಿಪೇರಿ ಇಲ್ಲದ ಹೊತ್ತಿನಲ್ಲಿ ಆ ಕ್ಯಾನುಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರ್ ಬರೆಯುವುದು ಮಿಸ್ತ್ರಿಯ ಇನ್ನೊಂದು ಕೆಲಸ. ಬಿಳಿ ಗಡ್ಡದ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಮುಸ್ಲಿಂ ಹಿರಿಯರು. ತಂದೆ ಟಾಂಗಾದ ಗಾಲಿ ಕಟ್ಟುತ್ತಿದ್ದರಂತೆ.

“ಭಾಯಿ, ಗಾಡಿ ಭಾರ ಎಳೀತೈತಿ ಅಂತಾರ ನಮ್ಮ ವೈನಿ,” ಎಂದಳು ನಾದಿನಿ.

“ಅವರ ಹೇಳ್ಲಿ. ಗಾಡಿ ನಿಂದೇನ?”

“ಇಬ್ಬರದೂ ಒಂದ ಮನಿ.”

“ಕಾಲು ಬ್ಯಾರೆ ಬ್ಯಾರೆ ಅಲಾ,” ಎಂದು ಅವರು ನನ್ನ ಕಡೆ ತಿರುಗಿದರು. “ದಿನಾ ಎಷ್ಟ ದೂರ್ರಿ ಬಾಯಾರ? ಏರ ಐತೇನು? ಮುಂದಿನ ಬುಟ್ಟ್ಯಾಗ ಏನ್ ಇಡ್ತೀರಿ?”

ನನಗೆ ತುಸು ಗಾಬರಿಯಾಯಿತು. ಇಷ್ಟು ವರ್ಷಗಳಲ್ಲಿ ಯಾವ ಅಂಗಡಿಯಲ್ಲೂ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ವೈವಾ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಉತ್ತರ ಕೊಟ್ಟೆ. ಮೂರು ಕಿಲೋಮೀಟರ್. ಕೊನೆಗೆ ಒಂದು ಏರು, ಅಲ್ಲಿ ಇಳಿಯುತ್ತೇನೆ. ಬುಟ್ಟಿಯಲ್ಲಿ ತಿದ್ದಿದ ನೋಟ್‌ಬುಕ್ಕುಗಳು, ಮೂವತ್ತು, ಕೆಲವು ದಿನ ಅರವತ್ತು.

“ಅವು ಹಿಂದ ಹೋಗ್ಲಿ, ಕ್ಯಾರಿಯರ್ ಮ್ಯಾಲೆ. ಮುಂದ ಭಾರ ಇದ್ರ ಹ್ಯಾಂಡಲ್ ತಾನ ಓಲಾಡ್ತೈತಿ.” ಅವರು ಹಿಂದಿನ ಗಾಲಿ ಎತ್ತಿ ತಿರುಗಿಸಿಬಿಟ್ಟರು. ಅದು ಸದ್ದಿಲ್ಲದೆ ತಿರುಗುತ್ತಲೇ ಇತ್ತು. “ನೋಡ್ರಿ. ಗಾಡಿ ಭಾರ ಇಲ್ಲ. ಒಂದ ಚಪ್ಪಲ್ ಕೊಡ್ರಿ ಇಲ್ಲೆ.”

“ಚಪ್ಪಲ್?”

“ಬಲಗಾಲಿಂದು.”

ನನ್ನ ಚಪ್ಪಲಿಯನ್ನು ಬೇರೆಯವರ ಕೈಗೆ ಕೊಡಲು ನಾಚಿಕೆಯಾಯಿತು. ಅವರು ಅದನ್ನು ಮಗುಚಿ, ಧೂಳು ಒರೆಸಿ, ಕನ್ನಡಕದ ಹತ್ತಿರ ಹಿಡಿದು ನೋಡಿದರು. ಅಟ್ಟೆಯ ನಡುವೆ ಪೆಡಲ್ಲಿನ ಅಗಲದ ಒಂದು ತಗ್ಗು ಬಿದ್ದಿತ್ತು. ಅದರ ಮೇಲೆ ಬೆರಳಾಡಿಸಿದರು.

“ನಡಪಾದಲೆ ತುಳ್ಯಾಕತ್ತೀರಿ. ಬೆರಳ ಬುಡದಾಗ ಸವೀಬೇಕಿತ್ತು. ಕುಕ್ಕರಗಾಲಿಲೆ ಕುಂತು ತುಳದ್ರ ಹಿಂಗ ಆಗತೈತಿ. ಮೊಣಕಾಲ ಚಿಪ್ಪಿನ ಕೆಳಗ ಹಿಡೀತೈತೇನು?”

ಹೌದೆಂದೆ. ಎಕ್ಸ್‌ರೇ ತೆಗೆಸಿದ ಡಾಕ್ಟರು ‘ವಯಸ್ಸಿಗೆ ತಕ್ಕಷ್ಟು ಸವೆದಿದೆ, ನೋವಾದರೆ ಬಿಡಿ’ ಎಂದಷ್ಟೇ ಹೇಳಿದ್ದರು. ಅವರ ತಪ್ಪಲ್ಲ. ಅವರು ನನ್ನ ಚಪ್ಪಲಿ ನೋಡಿರಲಿಲ್ಲ.

ಮಿಸ್ತ್ರಿ ಪಾನಾ ಹಾಕಿ ಬೋಲ್ಟ್ ಸಡಿಲಿಸಿ ಸೀಟನ್ನು ಪೈಪಿನ ಸಮೇತ ಹೊರಗೆ ಎಳೆದರು. ಸೀಮೆಎಣ್ಣೆಯ ಬಟ್ಟೆಯಿಂದ ಪೈಪನ್ನು ಒರೆಸಿ ನಮ್ಮ ಮುಂದೆ ಹಿಡಿದರು. ಬೋಲ್ಟ್ ಬಿಗಿ ಹಿಡಿದ ಒಂದೊಂದು ಜಾಗದಲ್ಲೂ ಒಂದೊಂದು ಗೀಟು, ಬಳೆ ಸುತ್ತಿದ ಹಾಗೆ. ಸೀಟು ಇಳಿದಂತೆಲ್ಲ ಗೀಟು ಸೀಟಿನ ಹತ್ತಿರ ಹತ್ತಿರ ಬಂದಿತ್ತು.

“ತಳದ್ದು ನೋಡ್ರಿ, ಜಂಗ್ ತಿಂದು ಕರ್ರಗಾಗೈತಿ, ಭಾಳ ವರ್ಷದ್ದು. ಅಲ್ಲಿ ಇತ್ತು ಸೀಟು. ಆಮ್ಯಾಲೆ ಮೂರ ಸಲ ಇಳಿಸ್ಯಾರ. ಮ್ಯಾಲಿಂದು ಇನ್ನೂ ಹೊಳ್ಯಾಕತ್ತೈತಿ.”

ತಳದ ಗೀಟು ನನ್ನ ಹಳೆಯ ಮಿಸ್ತ್ರಿಯದು. ಎರಡನೆಯದು ಮಾರ್ಕೆಟ್ ಮೂಲೆಯದು. ಹೊಳೆಯುವುದು ಮೂಡಲಗಿಯದು. ನಾನು ಬೆರಳಿಟ್ಟು ಎಣಿಸಿದೆ. ನಡುವೆ ಒಂದು ಗೀಟು ಉಳಿಯಿತು.

“ಇದು ಯಾವಾಗಿನದೋ ಗೊತ್ತಿಲ್ಲರಿ,” ಎಂದೆ.

ನಾದಿನಿ ಹಾಲಿನ ಕ್ಯಾನುಗಳ ನಂಬರ್ ಓದುತ್ತಿದ್ದಳು. ತುಂಬಾ ಗಮನವಿಟ್ಟು ಓದುತ್ತಿದ್ದಳು. ನಂಬರ್ ಮುಗಿದ ಮೇಲೆ ತಿರುಗದೆಯೇ ಹೇಳಿದಳು:

“ಅದು ನಂದು ವೈನಿ. ಹ್ವಾದ ಮಳಿಗಾಲದಾಗ ನೀವು ಕುರಿ ಅಡ್ಡ ಬಂದು ಬಿದ್ದಿರಲ್ಲ. ಅವತ್ತ ಬಾಜೂ ಮನಿಯವರ ಪಾನಾ ಇಸಗೊಂಡ ನಾನ ಇಳಿಸಿದ್ದೆ.”

“ನನಗ ಹೇಳಬೇಕಿತ್ತಲಾ.”

“ಹೇಳಿದ್ರ ಏನಂತಿದ್ರಿ? ಥ್ಯಾಂಕ್ಯೂ ಅಂತಿದ್ರಿ.”

ಮಿಸ್ತ್ರಿ ತಲೆ ತಗ್ಗಿಸಿ ಪೈಪ್ ಒರೆಸಿದರು. ಗಡ್ಡದೊಳಗೆ ನಕ್ಕರೋ ಏನೋ. ನಾನು ಆ ಪೈಪನ್ನೇ ನೋಡುತ್ತಿದ್ದೆ. ನನ್ನನ್ನು ಸೈಕಲ್‌ನಿಂದ ಇಳಿಸುತ್ತಿದ್ದದ್ದು ಮುಪ್ಪು ಎಂದುಕೊಂಡಿದ್ದೆ. ಒಂದೊಂದು ಬೆರಳು ಇಳಿಸಿದವರೆಲ್ಲ ನನ್ನ ಮೇಲೆ ಕಾಳಜಿ ಇದ್ದವರು. ಈ ನಾಡಿನಲ್ಲಿ ಬಿಳಿಕೂದಲಿನವರಿಗೆ ಮೊದಲು ಕುರ್ಚಿ ಹಾಕುತ್ತಾರೆ, ಗೌರವ ತೋರಿಸಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ. ನನ್ನ ಸೈಕಲ್ಲಿಗೂ ಅದನ್ನೇ ಮಾಡಿದ್ದರು. ನಾನು ಒಬ್ಬರಿಗೂ ಬೇಡ ಎಂದಿರಲಿಲ್ಲ.

ಸ್ಪಂಜಿನ ಸೀಟನ್ನು ತೆಗೆದು ನನ್ನ ಹಳೆಯ ಗಟ್ಟಿ ಸೀಟನ್ನೇ ಹಾಕಿದರು. ಅದನ್ನು ನಾದಿನಿ ಚೀಲದಲ್ಲಿ ತಂದಿದ್ದಳು, ಏಕೆಂದು ನಾನು ಕೇಳಿರಲಿಲ್ಲ. ಹ್ಯಾಂಡಲ್ ಹಿಡಿದು ನನ್ನನ್ನು ಹತ್ತಿ ಕೂರಲು ಹೇಳಿದರು.

“ಹಿಮ್ಮಡ ಪೆಡಲ್ ಮ್ಯಾಲೆ ಇಡ್ರಿ. ಪೆಡಲ್ ಪೂರಾ ಕೆಳಗ ಹೋಗ್ಲಿ. ಈಗ ಕಾಲ ನೆಟ್ಟಗ ಆಗಬೇಕು.”

ಆ ಕ್ಷಣ ನನಗೆ ಬೆಳಗಾವಿಯ ಅಂಗಳದ ಜಲ್ಲಿಕಲ್ಲಿನ ವಾಸನೆ ಬಂತು ಎಂದರೆ ಯಾರೂ ನಂಬಲಿಕ್ಕಿಲ್ಲ. ‘ಹೀಲ್ ಡೌನ್, ಚೈಲ್ಡ್. ಲೆಗ್ ಸ್ಟ್ರೇಟ್.’ ಸಿಸ್ಟರ್ ಇದನ್ನೇ ಹೇಳುತ್ತಿದ್ದರು, ಇದೇ ಮಾತು. ಹನ್ನೊಂದನೆಯ ವಯಸ್ಸಿನಿಂದ ನನಗೆ ಗೊತ್ತಿದ್ದ ವಿಷಯ. ಅವರ ಮ್ಯಾನರ್ಸ್ ನೆನಪಿಟ್ಟುಕೊಂಡು ಹಿಮ್ಮಡಿಯನ್ನು ಮರೆತಿದ್ದೆ.

“ತಳದ ಗೀಟಿಗೇ ಒಯ್ಯಿರಿ,” ಎಂದೆ.

“ಬ್ಯಾಡ್ರಿ.” ಮಿಸ್ತ್ರಿ ನನ್ನ ಕಾಲನ್ನು ನೋಡುತ್ತಲೇ ಹೇಳಿದರು. “ವಯಸ್ಸಿಗೆ ಮನಷ್ಯಾ ಒಂದೀಟ ಇಳೀತಾನ. ನೀವು ಒಂದ ಬಟ್ಟ ಇಳದೀರಿ. ಸೀಟು ನಾಕ ಬಟ್ಟ ಇಳದೈತಿ. ಉಳದ ಮೂರು ವಾಪಸ್ ತೊಗೋರಿ, ಸಾಕು.”

ಮೂರು ಬೆರಳು. ಹಾಗೆ ಯಾರೂ ನನ್ನ ಮುಪ್ಪನ್ನು ಅಳೆದು ಹೇಳಿರಲಿಲ್ಲ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಸಂತೆಯ ಹಿಂದಿನ ಬಯಲಿನಲ್ಲಿ ಬೇವಿನ ಮರದ ತನಕ ಹೋಗಿ ಬರಲು ಹೇಳಿದರು. ಮೇಲಿನಿಂದ ನೆಲ ಬಹಳ ದೂರ ಕಂಡಿತು. ನಿಲ್ಲುವಾಗ ಕೂತಲ್ಲಿಂದ ಕಾಲು ಚಾಚಬಾರದು, ಸೀಟು ಬಿಟ್ಟು ಮುಂದೆ ಜಾರಿ ನಿಲ್ಲಬೇಕು ಎಂದು ತೋರಿಸಿದರು. ಮೊದಲ ಸಲ ಎಡಕ್ಕೆ ಒಲೆದೆ. ಹಿಂದಿನಿಂದ ನಾದಿನಿ “ಅಯ್ಯ ವೈನಿ” ಎಂದದ್ದು ಕೇಳಿಸಿತು. ಮಿಸ್ತ್ರಿ ಬಾಜೂಕ್ಕೆ ನಡೆಯುತ್ತ ಬಂದರು. ಹಿಡಿಯಲಿಲ್ಲ, ದೂರವೂ ಹೋಗಲಿಲ್ಲ. ಎರಡನೆಯ ಸುತ್ತಿಗೆ ಕಾಲು ತಾನಾಗಿ ಉದ್ದ ಚಾಚಿಕೊಂಡಿತು. ಮೂರನೆಯ ಸುತ್ತಿಗೆ ಸೂಜಿ ಚುಚ್ಚಲಿಲ್ಲ. ನಾಲ್ಕನೆಯ ಸುತ್ತು ಹೇಳದೆಯೇ ಹಾಕಿದೆ.

ಇಳಿದ ಮೇಲೆ ಅವರು ಕ್ಯಾನಿನ ಕೆಂಪು ಬಣ್ಣ ತಂದು ಇನ್ನು ಸೀಟು ಇಳಿದರೆ ಗೊತ್ತಾಗಲೆಂದು ಬೋಲ್ಟಿನ ಮೇಲಂಚಿಗೆ ಪೈಪಿನ ಸುತ್ತ ಒಂದು ಗೀಟು ಎಳೆದರು. ಬಣ್ಣ ಆರುವ ತನಕ ಸೀರೆಗೆ ಹತ್ತೀತೆಂದು ಸುತ್ತಲು ಒಂದು ಕಾಗದ ಕೇಳಿದರು. ಬ್ಯಾಗಿನಲ್ಲಿ ಇದ್ದುದು ಒಂದೇ ಕಾಗದ. ನಾದಿನಿ ನನ್ನ ಕೈಯಲ್ಲಿ ಅದನ್ನು ನೋಡಿದಳು.

“ಇಂಗ್ಲಿಷಿಂದು. ಬೇಕಾದ್ದಲ್ಲೇನ?”

“ಬ್ಯಾಡಾಗೈತಿ,” ಎಂದೆ. ‘ಯುವರ್ಸ್ ಫೇತ್‌ಫುಲಿ’ ಹೊರಗೆ ಕಾಣುವಂತೆ ಅದು ಪೈಪಿಗೆ ಸುತ್ತಿಕೊಂಡಿತು.

ಹೊರಡುವಾಗ ಮುಂದಿನ ತಿಂಗಳು ಮತ್ತೆ ತರುತ್ತೇನೆ ಎಂದೆ. ಮಿಸ್ತ್ರಿ ಒಪ್ಪಲಿಲ್ಲ. “ಪಂಚರಿಗೆಲ್ಲಾ ಹುಕ್ಕೇರಿಗೆ ಬರಾಕ ಆಗತೈತೇನ್ರಿ? ನಿಮ್ಮೂರಾಗ ಪಾನಾ ಹಿಡಿಯಾವ ಯಾರೂ ಇಲ್ಲೇನು?”

“ಇದ್ದಾರ್ರಿ. ಮದಲ ಇಳಿಸಿದವರ ಅವರು.”

“ನೀವು ಬ್ಯಾಡ ಅಂದ್ರೇನು?”

“ಇಲ್ಲ.”

“ಮತ್ತ ಅವಗ ಹ್ಯಾಂಗ ತಿಳೀಬೇಕು?”

ಟೆಂಪೋ ಘಟಪ್ರಭೆಯ ಸೇತುವೆಗೆ ಬಂದಾಗ ನಾದಿನಿ ಹೇಳಿದಳು: “ನನ್ನ ಕಣ್ಣಾಗ ನೀವು ಬಿದ್ದದ್ದ ಐತಿ ವೈನಿ. ದಿನಾ ಬಾಗಲದಾಗ ನಿಲ್ಲೂದು ಅದಕ್ಕ.” ಅವಳು ದಿನವೂ ಬಾಗಿಲಲ್ಲಿ ನಿಲ್ಲುತ್ತಾಳೆಂದು ನನಗೆ ಗೊತ್ತಿತ್ತು. ಬಿಸಿಲು ಕಾಯುತ್ತಾಳೆ ಎಂದುಕೊಂಡಿದ್ದೆ. ಅವಳ ಕೈ ಹಿಡಿದುಕೊಂಡೆ. ಥ್ಯಾಂಕ್ಯೂ ಎನ್ನಲಿಲ್ಲ. “ಇನ್ನೊಮ್ಮೆ ಪಾನಾ ಮುಟ್ಟಿದ್ರ ನೋಡು,” ಎಂದೆ.

ಶಾಲೆ ತೆರೆಯಿತು. ಮೊಣಕಾಲು ಪೂರಾ ಸುಮ್ಮನಾಗಿದೆ ಎಂದರೆ ಸುಳ್ಳು. ಮೋಡ ಕವಿದ ಬೆಳಿಗ್ಗೆ ಗೊಣಗುತ್ತದೆ, ಏರಿನಲ್ಲಿ ಮೊದಲಿನಂತೆಯೇ ಇಳಿದು ತಳ್ಳುತ್ತೇನೆ. ಆದರೆ ಆ ಏರಿನ ತನಕ ನಾನೇ ಹೋಗುತ್ತೇನೆ. ಮೂರನೆಯ ವಾರ ಹಿಂದಿನ ಗಾಲಿ ಪಂಚರ್ ಆಯಿತು. ಮಾರ್ಕೆಟ್ ಮೂಲೆಯ ಅಂಗಡಿಗೇ ತಳ್ಳಿಕೊಂಡು ಹೋದೆ. ಮಾಲೀಕರು ಸ್ಟೂಲ್ ಒರೆಸಿದರು, ಪಂಚರ್ ತೆಗೆದರು, ಆಮೇಲೆ ಗಾಡಿಯನ್ನು ಮೇಲಿಂದ ಕೆಳಗೆ ನೋಡಿ ಕಳವಳಪಟ್ಟರು.

“ಯಾರ್ರಿ ಇಷ್ಟ ಎತ್ತರ ಮಾಡ್ಯಾರ? ಬೀಳ್ತೀರಿ ಟೀಚರ್.” ಪಾನಾ ಆಗಲೇ ಬೋಲ್ಟಿನ ಮೇಲಿತ್ತು.

“ಸೀಟಿಗೆ ಕೈ ಹಚ್ಚಬ್ಯಾಡ್ರಿ.”

ನನ್ನ ದನಿ ಕ್ಲಾಸಿನ ಹಿಂದಿನ ಬೆಂಚಿಗೆ ಹೇಳಿದ ಹಾಗೆ ಬಂತು. ಅವರು ಕೈ ತೆಗೆದರು. ಮುಖ ಸಣ್ಣದಾಯಿತು. “ನಿಮ್ಮ ಸಲುವಾಗಿ ಅಂತನ...”

“ಗೊತ್ತೈತ್ರಿ. ಹ್ಯಾಂಡಲ್ ಹಿಡೀರಿ, ತೋರಸ್ತೀನಿ.”

ಮಾರ್ಕೆಟ್ಟಿನ ಜನ ನೋಡುತ್ತಿದ್ದರು. ಹತ್ತಿ ಕೂತೆ. ಹಿಮ್ಮಡಿ ಪೆಡಲ್ ಮೇಲೆ ಇಟ್ಟೆ, ಕಾಲು ನೆಟ್ಟಗಾದದ್ದನ್ನು ತೋರಿಸಿದೆ. ನೋವಿನ ಜಾಗ, ಸವೆದ ಚಪ್ಪಲಿ, ಎಲ್ಲ ಹೇಳಿದೆ. ಅವರು ನನ್ನ ಮೊಣಕಾಲನ್ನೂ ಸೀಟನ್ನೂ ಒಮ್ಮೆ ನೋಡಿದರು.

“ಹಂಗಾರ ಎರಡ ವರ್ಷ ನಿಮ್ಮ ಕಾಲ ನಾನ ನೋಯಿಸೀನಿ.”

“ನಾನೂ ಹೇಳಲಿಲ್ಲಲ್ಲರಿ.”

ಅವರು ಬಟ್ಟೆ ತೆಗೆದುಕೊಂಡು ಕೆಂಪು ಗೀಟಿನ ಮೇಲಿನ ಧೂಳನ್ನು ಒರೆಸಿದರು. ಆಮೇಲೆ ಪಂಪ್ ತಂದು ಹಿಂದಿನ ಗಾಲಿಗೆ ಹಚ್ಚಿದರು. ಎರಡು ಸಲ ಒತ್ತಿ, ನಿಲ್ಲಿಸಿ, ತಲೆ ಎತ್ತಿದರು.

“ಗಾಳಿ ಎಷ್ಟ ಹಾಕ್ಲಿರಿ ಟೀಚರ್?”

ನನ್ನ ಗಾಡಿಗೆ ಏನು ಬೇಕೆಂದು ಅವರು ನನ್ನನ್ನು ಕೇಳಿದ್ದು ಅದೇ ಮೊದಲು. ನಾನು ಹೆಬ್ಬೆರಳಿನಿಂದ ಟಯರ್ ಒತ್ತಿ ನೋಡಿದೆ.

“ಇನ್ನೊಂದೀಟ,” ಎಂದೆ.